ಸನ್ನೆಕೋಲಿನ ಕೋವಿಯೂ ಅದರ ಗುಂಡೂ

ಅಮೆರಿಕದ ಪಶ್ಚಿಮ ಪ್ರಾಂತದ ಕಥೆಗಳನ್ನು ತೋರಿಸುವ ಚಲಚ್ಚಿತ್ರವೊಂದನ್ನಾದರೂ ನೋಡದವರು ನಮ್ಮ ಶ್ರೋತೃಗಳಲ್ಲಿ ವಿರಳವೆಂದು ನಂಬುತ್ತೇವೆ. ಅದರ ನಾಯಕನು ತನ್ನ ಕೋವಿಯ ಹಿಡಿಯ ಕೆಳಗಿರುವ ಬಳೆಯಂಥ ಉಕ್ಕಿನ ಸನ್ನೆಯನ್ನು ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ಆಡಿಸುತ್ತ ಗುಂಡಿನ ಮೇಲೆ ಗುಂಡು ಹಾರಿಸುತ್ತಾನೆ. ಆ ಒಂದು ಆಟಕ್ಕೆ ಮೂರು ಕೆಲಸಗಳು ನಡೆದುಹೋಗುತ್ತವೆ: ಖಾಲಿಯಾದ ತೋಟಾ ಹೊರಕ್ಕೆ ಚಿಮ್ಮುತ್ತದೆ, ಬಡಿಯುವ ಕುದುರೆ ಹಿಂದಕ್ಕೆ ಏರಿ ನಿಲ್ಲುತ್ತದೆ, ಹೊಸ ತೋಟಾ ನಳಿಗೆಯ ಹಿಂಬಾಯಿಗೆ ಬಂದು ಕೂರುತ್ತದೆ. ಇಷ್ಟನ್ನು ಎಲ್ಲರೂ ಕಂಡಿದ್ದಾರೆ. ಆದರೆ ಆ ತೋಟಾಗಳು ಹಾರುವ ಮೊದಲು ಎಲ್ಲಿ, ಯಾವ ರೀತಿಯಲ್ಲಿ ಇರುತ್ತವೆಂಬುದನ್ನು ಚಲಚ್ಚಿತ್ರ ತೋರಿಸುವುದಿಲ್ಲ. ಈ ಕೋವಿಗೆ ಯಾವ ಗುಂಡು ತಕ್ಕದ್ದು, ಯಾವುದು ತಗದು ಎಂಬ ಪ್ರಶ್ನೆಯ ಉತ್ತರ ಅಲ್ಲಿ ಅಡಗಿದೆ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಲೋಕರೂಢಿಯಲ್ಲಿ ತೋಟಾ, ಗುಂಡು ಎಂಬ ಶಬ್ದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಶಾಸ್ತ್ರದ ದೃಷ್ಟಿಯಿಂದ ಗುಂಡು ತೋಟಾದ ಒಂದು ಅಂಗ ಮಾತ್ರ. ಹಿತ್ತಾಳೆಯ ಒಂದು ಕೋಶ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿಕಾರುವ ಕೇಪು, ಒಳಗೆ ಮದ್ದು, ಬಾಯಲ್ಲಿ ಬಿಗಿಯಾಗಿ ಕೂರಿಸಿದ ಗುಂಡು, ಈ ನಾಲ್ಕೂ ಕೂಡಿದರೆ ತೋಟಾ. ಹಾರಿಹೋಗುವುದು ಗುಂಡು. ಉರಿದುಹೋಗುವುವು ಕೇಪೂ ಮದ್ದೂ. ಉಳಿಯುವುದು ಹಿತ್ತಾಳೆಯ ಕೋಶ. ನಾಲ್ಕರಲ್ಲಿ ಬೆಲೆಯುಳ್ಳದ್ದು ಅದೇ. ಅದನ್ನು ಎಸೆಯದೆ ಮತ್ತೆ ಮತ್ತೆ ತುಂಬಿಕೊಳ್ಳುವ ಗೃಹಕೈಗಾರಿಕೆಯೊಂದು ಅಮೆರಿಕದಲ್ಲಿ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ.

ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ನಗರದಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಕರ್ಮಿ ೧೮೬೦ರಲ್ಲಿ ಒಂದು ಕೋವಿಗೆ ಸ್ವಾಮ್ಯಪತ್ರ ಪಡೆದ. ಅವನ ಯಜಮಾನ ಆಲಿವರ್ ವಿಂಚೆಸ್ಟರ್. ಮೊದಲು ಅಂಗಿ ಹೊಲಿಸಿ ಮಾರುತ್ತಿದ್ದ ವ್ಯಾಪಾರಿ. ನಳಿಗೆಯ ಕೆಳಗೆ ಅದರುದ್ದಕ್ಕೂ ಇನ್ನೊಂದು ಕೊಳವೆಯನ್ನು ಜೋಡಿಸಿ, ಅದರಲ್ಲಿ ಹದಿನೈದು ಹದಿನಾರು ತೋಟಾಗಳನ್ನು ಸಾಲಾಗಿ ತುಂಬಿ, ಒಂದು ಸುರುಳಿಬಿಲ್ಲಿನಿಂದ ಹಿಂದಕ್ಕೆ ಒತ್ತುವುದು ಹೆನ್ರಿಯ ಕೋವಿಯ ಏರ್ಪಾಟು. ಒಂದೊಂದೇ ತೋಟಾ ತುಂಬಿ ಹಾರಿಸುತ್ತಿದ್ದ ಕಾಲದಲ್ಲಿ ಇದೊಂದು ಅದ್ಭುತವೆನಿಸಿತು. ೧೮೬೬ರ ಮಾದರಿಯಲ್ಲಿ ಕೋವಿಯ ಪಕ್ಕದಿಂದಲೇ ತೋಟಾ ತುಂಬುವ ಕಿಂಡಿ ಬಂತು. ೧೮೭೭ರಲ್ಲಿ ಪ್ಲೆವ್ನಾ ಮುತ್ತಿಗೆಯಲ್ಲಿ ತುರ್ಕರು ಈ ಕೋವಿಗಳನ್ನೂ ಬಳಸಿ ರಷ್ಯನರ ದಾಳಿಗಳನ್ನು ತಡೆದು ಯೂರೋಪಿನ ಸೇನಾಪತಿಗಳ ಕಣ್ಣು ತೆರೆಯಿಸಿದರು. ೧೮೬೬ರದರ ಬಳಿಕ ೧೮೭೩ರ ಮಾದರಿ, ೧೮೯೪ರ ಮಾದರಿ ಮುಂತಾದುವು ಬಂದುವು. ಈ ಕೊನೆಯದನ್ನು ರಚಿಸಿದವನು ಜಾನ್ ಮೋಸೆಸ್ ಬ್ರೌನಿಂಗ್. ನ್ಯೂ ಹೇವನ್ನಿನ ಕಾರ್ಖಾನೆ ಅದನ್ನು ೨೦೦೬ರವರೆಗೂ ತಯಾರಿಸಿತು.

ಈಗ ಆ ಕೊಳವೆಯ ಒಳಗನ್ನು ನೋಡೋಣ. ತೋಟಾಗಳು ಅಲ್ಲಿ ಒಂದರ ಹಿಂದೆ ಒಂದು, ಎಲ್ಲವೂ ಮುಂದಕ್ಕೆ ಮುಖಮಾಡಿ ಮಲಗಿವೆ. ಆದುದರಿಂದ ಹಿಂದಿನ ತೋಟಾದ ಗುಂಡಿನ ಮೂಗು ಮುಂದಿನ ತೋಟಾದ ಬುಡಕ್ಕೆ ತಾಗಿಕೊಂಡಿದೆ. ಹೆನ್ರಿಯ ಕಾಲದಲ್ಲಿ ಕಿಡಿಯ ಮಸಾಲೆ ಬುಡದ ಅಂಚಿನ ಸುತ್ತಲೂ ಇರುತ್ತಿತ್ತು. ನಡುವೆ ತಾಗಿದರೆ ಭಯವಿರಲಿಲ್ಲ. ಆದರೆ ೧೮೭೩ರ ಮಾದರಿಯೊಡನೆ ಕೇಪು ಬುಡದ ನಟ್ಟನಡುವೆ ಬಂದು ಕುಳಿತಿತು. ಅಂದರೆ ಹಿಂದಿನವನ ಮೂಗು ಮುಂದಿನವನ ಕೇಪಿನ ಮೇಲೆಯೇ ಬಿತ್ತು. ಆ ಮೂಗು ಸೂಜಿಯಂತೆ ಚೂಪಾಗಿದ್ದರೆ ಅದು ಕೇಪನ್ನು ಬಡಿಯುವ ಮೊಳೆಯಲ್ಲದೆ ಮತ್ತೇನು?

ಸುಮ್ಮನೆ ಒರಗಿಕೊಂಡಿದ್ದರೆ ಅಪಾಯ ಕಡಿಮೆ. ಆದರೆ ಕೋವಿ ಹಾರಿದಾಗ ಹಿಂದಕ್ಕೆ ಒದೆಯುತ್ತದೆ. ನಿಂತ ಬಸ್ಸು ಥಟ್ಟನೆ ಮುಂದಕ್ಕೆ ಹೊರಟರೆ ಒಳಗಿನ ಜನ ಹಿಂದಕ್ಕೆ ವಾಲುವುದು ನಮ್ಮ ನಗರವಾಸಿಗಳಿಗೆ ದಿನದ ಅನುಭವ. ಅದೇ ಜಡತ್ವದ ನಿಯಮದಂತೆ, ಕೋವಿ ಹಿಂದಕ್ಕೆ ಹಾರುವಾಗ ಕೊಳವೆಯೊಳಗಿನ ತೋಟಾಗಳು ಇದ್ದಲ್ಲೇ ಇರಲು ಹವಣಿಸಿ ಬಿಲ್ಲನ್ನು ಅದುಮುತ್ತವೆ. ಬಿಲ್ಲು ಮರುಕ್ಷಣವೇ ಅವನ್ನು ಹಿಂದಕ್ಕೆ ತಳ್ಳುತ್ತದೆ. ಈ ನೂಕಾಟದಲ್ಲಿ ಚೂಪುಮೂಗು ಒಂದು ಕೇಪನ್ನು ಚುಚ್ಚಿತೆಂದರೆ ಆ ತೋಟಾ ನಳಿಗೆಯಲ್ಲಿ ಅಲ್ಲ, ತೆಳುವಾದ ಕೊಳವೆಯಲ್ಲಿ ಸಿಡಿಯುತ್ತದೆ. ಅದರ ನೆರೆಯವೂ ಸಿಡಿಯಬಹುದು. ಆ ಕೊಳವೆಯ ಅಡಿಯಲ್ಲಿರುವುದು ಹಾರಿಸುವವನ ಎಡಗೈ. ಸನ್ನೆಕೋಲಿನ ಕೋವಿಯ ಗುಂಡಿಗೆ ಮೊಂಡುಮೂಗು ಬಂದುದು ಸೊಗಸಿಗಾಗಿ ಅಲ್ಲ, ಆ ಎಡಗೈಗಾಗಿ. ಚಪ್ಪಟೆಯಾದ ಅಗಲ ಮೂಗು ಪೆಟ್ಟನ್ನು ಕೇಪಿನ ಮೇಲೆಲ್ಲ, ಅದರ ಸುತ್ತಣ ಹಿತ್ತಾಳೆಯ ಮೇಲೆಲ್ಲ ಹರಡಿಬಿಡುತ್ತದೆ.

ಲೋಕವೆಲ್ಲ ಚೂಪುಗುಂಡಿನ ಕಡೆಗೆ ನಡೆಯುತ್ತಿದ್ದಾಗಲೂ ಈ ಕೋವಿ ಮೊಂಡುಗುಂಡನ್ನೇ ಹಿಡಿದುಕೊಂಡಿತು. ಗಾಳಿಯನ್ನು ಸೀಳುವುದಕ್ಕೆ ಚೂಪುಮೂಗು ಮೇಲೆಂಬುದನ್ನು ೧೮೯೮ರಲ್ಲಿ ಫ್ರೆಂಚರು ಮೊದಲು ಸೈನ್ಯದಲ್ಲಿ ಆಚರಣೆಗೆ ತಂದರು. ಮುಂದೆ ಏಳೆಂಟು ವರ್ಷಗಳಲ್ಲಿ ಜರ್ಮನರೂ ಅಮೆರಿಕನರೂ ಅನುಸರಿಸಿದರು. ಸ್ವಾರಸ್ಯವೇನೆಂದರೆ ಫ್ರೆಂಚರ ಲೆಬೆಲ್ ಕೋವಿಗೂ ಇಂಥದೇ ಕೊಳವೆಯಿತ್ತು. ಅವರು ತೋಟಾದ ಬುಡದಲ್ಲಿ ಕೇಪಿನ ಸುತ್ತ ಒಂದು ಉಂಗುರದಂಥ ತೋಡನ್ನು ಕೊರೆದು, ಹಿಂದಿನ ಗುಂಡಿನ ಮೊನೆ ಆ ತೋಡಿನಲ್ಲಿ ಸಿಕ್ಕಿಕೊಂಡು ಕೇಪಿಗೆ ತಾಗದಂತೆ ಮಾಡಿದರು. ಜಾಣತನವೇ ಸರಿ. ಆದರೆ ಅದಕ್ಕೆ ತೋಟಾವನ್ನೇ ಬೇರೆಯಾಗಿ ರಚಿಸಬೇಕು. ಮನೆಯಲ್ಲಿ ತುಂಬಿಕೊಳ್ಳುವವನ ಕೈಗೆ ಎಟಕುವ ಉಪಾಯವಲ್ಲ.

ಮೊಂಡುಮೂಗಿನಿಂದ ನಷ್ಟವಿಲ್ಲವೆ? ಉಂಟು. ೧೮೯೪ರ ಮಾದರಿಗಾಗಿ ೧೮೯೫ರಲ್ಲಿ ಬಂದ ಮೂವತ್ತು-ಮೂವತ್ತು ಎಂಬ ತೋಟಾವನ್ನೇ ನೋಡಿ. ಹೆಸರಿನ ಮೊದಲ ಮೂವತ್ತು ನಳಿಗೆಯ ಒಳವ್ಯಾಸ, ಅಂಗುಲದ ನೂರರಲ್ಲಿ ಮೂವತ್ತು ಪಾಲು. ಎರಡನೆಯದು ಹೊಗೆಯಿಲ್ಲದ ಮದ್ದು ಮೊದಲಿಗೆ ಇದ್ದ ತೂಕ, ಮೂವತ್ತು ಗ್ರೇನು. ಇದರ ೧೫೦ ಗ್ರೇನಿನ ಗುಂಡು ನಳಿಗೆಯನ್ನು ಬಿಡುವಾಗ ಸೆಕೆಂಡಿಗೆ ಸುಮಾರು ೨,೪೦೦ ಅಡಿಯ ವೇಗದಲ್ಲಿರುತ್ತದೆ. ೨೦೦ ಗಜ ದಾಟುವ ಹೊತ್ತಿಗೆ ಅದು ೧,೭೦೦ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ತೂಕದ ಚೂಪುಗುಂಡು ಇಷ್ಟೊಂದು ಕಳೆದುಕೊಳ್ಳದು. ಆದರೆ ಅಮೆರಿಕದ ಪೂರ್ವದ ದಟ್ಟ ಕಾಡುಗಳಲ್ಲಿ ಬಿಳಿಬಾಲದ ಜಿಂಕೆ ಕಣ್ಣಿಗೆ ಬೀಳುವುದೇ ಐವತ್ತು ಎಪ್ಪತ್ತು ಗಜದಲ್ಲಿ. ಅಲ್ಲಿ ಇನ್ನೂರು ಗಜದ ಲೆಕ್ಕವನ್ನು ಹಿಡಿದು ಕೊರಗುವುದು ಬಾವಿಯ ನೀರಿಗೆ ಸಮುದ್ರದ ಹಡಗು ಕಟ್ಟಿದಂತೆ.

ಗ್ರೇನ್ ಎಂಬ ತೂಕ ನಮ್ಮವರಿಗೆ ಅಪರಿಚಿತವಲ್ಲ. ೧೮೩೫ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಚಲಾವಣೆಯಾದ ಬೆಳ್ಳಿಯ ರೂಪಾಯಿಯ ತೂಕ ಸರಿಯಾಗಿ ೧೮೦ ಗ್ರೇನು. ಅದೇ ಒಂದು ತೊಲ. ತೊಲಕ್ಕೆ ೯೬ ಗುಲಗಂಜಿ ಎಂಬ ಲೆಕ್ಕದಲ್ಲಿ ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಡಿಮೆ. ಮೂವತ್ತು-ಮೂವತ್ತು ತೋಟಾಕ್ಕೆ ಸಾಮಾನ್ಯವಾಗಿ ಸಿಗುವ ಗುಂಡುಗಳು ಎರಡು: ೧೫೦ ಗ್ರೇನಿನದು, ೧೭೦ ಗ್ರೇನಿನದು. ಮೊದಲನೆಯದು ತೊಲಕ್ಕೆ ಮೂವತ್ತು ಗ್ರೇನು ಕಡಿಮೆ. ಎರಡನೆಯದು ಹತ್ತು ಗ್ರೇನು ಮಾತ್ರ ಕಡಿಮೆ. ಹಗುರಾದದ್ದು ತುಸು ವೇಗವಾಗಿ ಹೋಗುತ್ತದೆ, ಅದರ ಹಾದಿ ತುಸು ನೇರ. ಭಾರವಾದದ್ದು ನಿಧಾನವಾದರೂ ಒಳಕ್ಕೆ ಹೆಚ್ಚು ಇಳಿಯುತ್ತದೆ. ಪೊದೆಗಾಡಿನಲ್ಲಿ ಪ್ರಾಣಿ ಸದಾ ಪಕ್ಕಕ್ಕೆ ತಿರುಗಿ ನಿಲ್ಲುವುದೆಂಬ ಭರವಸೆಯಿಲ್ಲವಾದ್ದರಿಂದ ನಮ್ಮ ಒಲವು ೧೭೦ರ ಕಡೆಗೆ.

ಆದರೆ ತೂಕಕ್ಕಿಂತಲೂ ಗಮನಿಸಬೇಕಾದದ್ದು ಗುಂಡಿನ ಹೊದಿಕೆ. ಬೇಟೆಯ ಗುಂಡೆಂದರೆ ಸೀಸದ ತಿರುಳು, ಅದರ ಮೇಲೆ ತಾಮ್ರದ ಅಂಗಿ, ಮೂಗಿನಲ್ಲಿ ಮಾತ್ರ ಸೀಸ ಬಯಲು. ಮಾಂಸವನ್ನು ಹೊಕ್ಕೊಡನೆ ಆ ಮೂಗು ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡಬೇಕು. ಪ್ರಾಣಿ ಬೇಗ ಬೀಳಬೇಕು. ಎಷ್ಟು ವೇಗಕ್ಕೆ ಅರಳಬೇಕೆಂಬುದನ್ನು ಗುಂಡು ತಯಾರಿಸಿದವನು ಅಂಗಿಯ ದಪ್ಪದಿಂದ ನಿಶ್ಚಯಿಸಿರುತ್ತಾನೆ. ಸೈನ್ಯದ ಕೋವಿಗಳಿಂದ ಹುಟ್ಟಿದ ಹೆಚ್ಚು ವೇಗದ ತೋಟಾಗಳಿಗೂ ಇದೇ ವ್ಯಾಸದ ಗುಂಡುಗಳುಂಟು. ಕೈಗೆ ಸಿಕ್ಕಿತೆಂದು ಅದನ್ನು ಈ ನಿಧಾನದ ತೋಟಾಕ್ಕೆ ತುಂಬಿದರೆ, ದಪ್ಪ ಅಂಗಿ ಅರಳದೆ ಸೂಜಿ ಹಾಯ್ದಂತೆ ಹಾಯ್ದುಹೋಗುತ್ತದೆ. ಜಿಂಕೆ ಗಾಯವನ್ನು ಹೊತ್ತು ಓಡಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಯನ್ನು ಒಪ್ಪುವವರೂ ಒಪ್ಪದವರೂ ಇದನ್ನು ಕ್ರೌರ್ಯವೆಂದೇ ಹೇಳುವರು. ಗುಂಡಿನ ಆಯ್ಕೆ ಕೇವಲ ಗಣಿತದ ವಿಷಯವಲ್ಲವೆಂಬುದು ಇಲ್ಲಿ ಕಾಣುತ್ತದೆ.

ಕೊಂಡ ಗುಂಡಿನ ಮಾತು ಇಷ್ಟಾಯಿತು. ತಾವೇ ಸೀಸವನ್ನು ಎರಕ ಹೊಯ್ದು ಗುಂಡು ಮಾಡಿಕೊಳ್ಳುವವರೂ ಅಮೆರಿಕದಲ್ಲಿ ಬಹಳ ಮಂದಿ. ಈ ಕೋವಿಯ ಹಳೆಯ ಸಂಪ್ರದಾಯ ಅದೇ. ಬರಿಯ ಸೀಸ ೩೨೭ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಆದರೆ ಅದು ಬಹಳ ಮೆದು. ವೇಗ ಹೆಚ್ಚಿದರೆ ನಳಿಗೆಯ ಒಳಗಣ ಸುರುಳಿಗೆರೆಗಳಿಗೆ ಬಳಿದುಕೊಂಡು ಗುರಿಯನ್ನು ಕೆಡಿಸುತ್ತದೆ. ಆದುದರಿಂದ ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸುವರು. ತವರದಿಂದ ಎರಕ ಅಚ್ಚಿನ ಮೂಲೆಮೂಲೆಗೂ ಹರಿದು ತುಂಬುತ್ತದೆ. ಆಂಟಿಮನಿ ಗಡಸುತನ ಕೊಡುತ್ತದೆ. ನೂರರಲ್ಲಿ ತೊಂಬತ್ತು ಸೀಸ, ಐದು ತವರ, ಐದು ಆಂಟಿಮನಿ ಎಂಬುದು ಹೆಸರಾದ ಒಂದು ಪಾಕ. ಅಕ್ಷರವೃತ್ತಿಯವರಾದ ನಮಗೆ ಇಲ್ಲಿ ಒಂದು ವಿನೋದ ಕಂಡಿತು. ಮುದ್ರಣಾಲಯಗಳಲ್ಲಿ ಹಿಂದೆ ಅಚ್ಚುಮೊಳೆಗಳನ್ನು ಎರೆಯುತ್ತಿದ್ದ ಲೋಹವೂ ಈ ಮೂರರ ಬೆರಕೆಯೇ. ಲೈನೋಟೈಪ್ ಯಂತ್ರದ ಲೋಹದಲ್ಲಿ ನೂರಕ್ಕೆ ೮೪ ಸೀಸ, ೧೨ ಆಂಟಿಮನಿ, ೪ ತವರ. ಮುದ್ರಣಾಲಯಗಳು ಸೀಸದ ಮೊಳೆಗಳನ್ನು ತೊರೆದಾಗ ಆ ಲೋಹದ ಗಟ್ಟಿಗಳನ್ನು ಆಸೆಪಟ್ಟು ಕೊಂಡವರಲ್ಲಿ ಗುಂಡು ಎರೆಯುವವರೂ ಇದ್ದರು. ನಿನ್ನೆ ಸಂಪಾದಕೀಯವಾಗಿದ್ದುದು ಇಂದು ಗುಂಡಾದರೆ, ಅದು ಹೊಸ ವೃತ್ತಿಯೆಂದು ಹೇಳಲಾಗದೇನೋ!

ಆದರೆ ಅತಿ ಗಡಸಾದ ಎರಕ ಮಾಂಸದಲ್ಲಿ ಅರಳುವುದಿಲ್ಲ. ಅಲ್ಲಿಯೂ ಚಪ್ಪಟೆಮೂಗೇ ನೆರವಿಗೆ ಬರುತ್ತದೆ. ಅರಳದಿದ್ದರೂ ಅಗಲಮುಖದ ಗುಂಡು ಗಾಯವನ್ನು ಅಗಲವಾಗಿಯೇ ಮಾಡುತ್ತದೆ. ಎಡಗೈಯ ರಕ್ಷಣೆಗೆಂದು ಮಾಡಿದ ಏರ್ಪಾಟು ಇನ್ನೊಂದು ಕೆಲಸಕ್ಕೂ ಒದಗಿತು. ಎರಕದ ಗುಂಡನ್ನು ಹೆಚ್ಚು ವೇಗದಲ್ಲಿ ಕಳುಹಿಸಬೇಕಾದರೆ ಅದರ ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲೊಂದನ್ನು ತೊಡಿಸುವರು. ಇಲ್ಲವಾದರೆ ಬಿಸಿ ಅನಿಲ ಬುಡವನ್ನು ಕೊರೆದುಹಾಕುತ್ತದೆ. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಏನಾಗುವುದೆಂದು ಅಡಿಗೆಮನೆಯವರು ಬಲ್ಲರು. ಕರಗಿದ ಸೀಸಕ್ಕೆ ಒಂದು ಹನಿ ನೀರು ಸೇರಿದರೆ ಅದಕ್ಕಿಂತಲೂ ಘೋರ. ಸೀಸದ ವಿಷವಂತೂ ಮೆಲ್ಲಗೆ ಮೈಗೇರುವಂಥದು. ಗಾಳಿಯಾಡುವ ಸ್ಥಳ, ತೊಳೆದ ಕೈ, ಇವೆರಡೂ ಈ ಕೆಲಸದ ಮೊದಲ ಪಾಠ. ಆ ವಿಷ ಬೇಟೆಗಾರನಲ್ಲಿಗೇ ನಿಲ್ಲುವುದಿಲ್ಲ. ಸತ್ತ ಪ್ರಾಣಿಯಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯದ ಕಾಂಡರ್ ಎಂಬ ದೊಡ್ಡ ರಣಹದ್ದುಗಳು ಸಾಯುತ್ತಿದ್ದುದರಿಂದ, ಆ ಸಂಸ್ಥಾನ ೨೦೧೩ರಲ್ಲಿ ಕಾಯಿದೆ ಮಾಡಿ ೨೦೧೯ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿತು. ಬದಲಿಗೆ ಬಂದುದು ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ಗುಂಡು ಉದ್ದವಾಗುತ್ತದೆ. ಉದ್ದವಾದಷ್ಟೂ ಕೋಶದ ಒಳಕ್ಕೆ ಇಳಿದು ಮದ್ದಿನ ಜಾಗವನ್ನು ಕಬಳಿಸುತ್ತದೆ.

ಈಗ ತುಂಬುವ ಕ್ರಮ. ೧೮೭೩ರ ಮಾದರಿಯ ಕಾಲದಲ್ಲಿ ವಿಂಚೆಸ್ಟರ್ ಸಂಸ್ಥೆಯೇ ಕೋವಿಯ ಜೊತೆಗೆ ಇಕ್ಕಳದಂಥ ಒಂದು ಉಪಕರಣವನ್ನೂ ಎರಕದ ಅಚ್ಚನ್ನೂ ಮಾರುತ್ತಿತ್ತು. ಅಂಗಡಿ ನೂರು ಮೈಲಿ ದೂರವಿದ್ದ ದನಗಾಹಿಗೆ ಅದು ಅತ್ಯಾವಶ್ಯಕ. ಇಂದು ಮೇಜಿಗೆ ಬಿಗಿದ ಒತ್ತುಯಂತ್ರ, ಉಕ್ಕಿನ ಅಚ್ಚುಗಳು, ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸುವ ತಕ್ಕಡಿ ಬಂದಿವೆ. ಕೆಲಸ ಮಾತ್ರ ಅದೇ: ಹಳೆಯ ಕೇಪನ್ನು ತೆಗೆದು, ಕೋಶವನ್ನು ಮೊದಲಿನ ಗಾತ್ರಕ್ಕೆ ಒತ್ತಿ, ಹೊಸ ಕೇಪು ಕೂರಿಸಿ, ತೂಗಿದ ಮದ್ದು ಹಾಕಿ, ಗುಂಡನ್ನು ಇಳಿಸುವುದು. ಇದು ಎಲ್ಲ ಕೋವಿಗಳಿಗೂ ಸಾಮಾನ್ಯ. ಸನ್ನೆಕೋಲಿನ ಕೋವಿಗೆ ವಿಶೇಷವಾದುವನ್ನು ಮಾತ್ರ ವಿವರಿಸುತ್ತೇವೆ.

ಹಾರಿದ ಕೋಶ ಉಬ್ಬಿಕೊಂಡಿರುತ್ತದೆ. ಅಗುಳಿಯ ಕೋವಿಯಲ್ಲಿ ಉಬ್ಬು ತುಸು ಉಳಿದರೂ ಅಗುಳಿಯ ಬಲ ಅದನ್ನು ಒಳಕ್ಕೆ ತಳ್ಳಿಬಿಡುತ್ತದೆ. ಸನ್ನೆಗೆ ಆ ಬಲವಿಲ್ಲ. ಆದುದರಿಂದ ಇಲ್ಲಿ ಕೋಶವನ್ನು ಬಾಯಿಂದ ಬುಡದವರೆಗೆ ಪೂರ್ತಿ ಒತ್ತಲೇಬೇಕು. ಇನ್ನೊಂದು ಸಂಗತಿ: ೧೮೯೪ರ ಮಾದರಿಯಲ್ಲಿ ಬೀಗ ಬೀಳುವುದು ಹಿಂಭಾಗದಲ್ಲಿ. ಹಾರಿದಾಗ ಇಡೀ ಏರ್ಪಾಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಅದರೊಡನೆ ಕೋಶವೂ ಹಿಗ್ಗುತ್ತದೆ. ಹಲವು ಸಲ ತುಂಬಿದ ಕೋಶ ಬುಡದ ಹತ್ತಿರ ಉಂಗುರದಂತೆ ತೆಳ್ಳಗಾಗುವುದುಂಟು. ಕೊನೆ ಬಾಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಯನ್ನು ಸವರಿದರೆ ಆ ತಗ್ಗು ಬೆರಳಿಗೆ ತಿಳಿಯುತ್ತದೆ. ತಿಳಿದೊಡನೆ ಆ ಕೋಶವನ್ನು ಎಸೆಯತಕ್ಕದ್ದು.

ಮುಂದೆ ಉದ್ದ. ಮೂವತ್ತು-ಮೂವತ್ತು ತೋಟಾ ತುದಿಯಿಂದ ತುದಿಗೆ ೨.೫೫ ಅಂಗುಲವನ್ನು ಮೀರಕೂಡದು. ಕೊಳವೆಯಿಂದ ತೋಟಾವನ್ನು ಮೇಲಕ್ಕೆತ್ತುವ ತೊಟ್ಟಿಲು ಆ ಅಳತೆಗೆ ಮಾಡಿದ್ದು, ಉದ್ದವಾದರೆ ಸಿಕ್ಕಿಕೊಳ್ಳುತ್ತದೆ. ಕೇಪು ಬುಡಕ್ಕಿಂತ ಎಳ್ಳಷ್ಟೂ ಮೇಲೆ ನಿಲ್ಲಬಾರದು. ಅದರ ಕಾರಣವನ್ನು ಆಗಲೇ ಕಂಡೆವು. ಎಲ್ಲಕ್ಕಿಂತ ಮುಖ್ಯವಾದದ್ದು ಕೋಶದ ಬಾಯನ್ನು ಗುಂಡಿನ ಮೈಮೇಲಿನ ತೋಡಿಗೆ ಮಡಿಸಿ ಬಿಗಿಯುವುದು. ಕೊಳವೆಯ ಬಿಲ್ಲೂ ಕೋವಿಯ ಒದೆತವೂ ಸೇರಿ ಗುಂಡನ್ನು ಕೋಶದ ಒಳಕ್ಕೆ ನೂಕುತ್ತಲೇ ಇರುತ್ತವೆ. ಗುಂಡು ಒಳಕ್ಕೆ ಸರಿದರೆ ಮದ್ದಿನ ಮೇಲಣ ಅವಕಾಶ ಕುಗ್ಗುತ್ತದೆ. ಅವಕಾಶ ಕುಗ್ಗಿದರೆ ಒತ್ತಡ ಏರುತ್ತದೆ. ಈ ತೋಟಾಕ್ಕೆ ಗೊತ್ತುಮಾಡಿದ ಮಿತಿ ಚದರ ಅಂಗುಲಕ್ಕೆ ೪೨,೦೦೦ ಪೌಂಡು. ತೋಡಿಲ್ಲದ ಗುಂಡು ಎಷ್ಟು ಅಂದವಾಗಿದ್ದರೂ ಈ ಕೋವಿಗೆ ಸಲ್ಲದೆಂಬುದು ಇದರಿಂದ ಸ್ಪಷ್ಟ.

ಮದ್ದಿನ ವಿಷಯದಲ್ಲಿ ನಾವು ಯಾವ ಅಂಕಿಯನ್ನೂ ಹೇಳುವುದಿಲ್ಲ. ಮದ್ದು ತಯಾರಿಸಿದವರು ಅಚ್ಚುಹಾಕಿಸಿದ ಪಟ್ಟಿಯೊಂದೇ ಅದಕ್ಕೆ ಪ್ರಮಾಣ. ಅಲ್ಲಿಯೂ ಕೆಳಗಣ ಅಳತೆಯಿಂದ ಮೊದಲುಮಾಡುವುದು ಪದ್ಧತಿ. ಹಳೆಯ ಕರಿಮದ್ದು ಕೋಶವನ್ನು ಕಂಠದವರೆಗೆ ತುಂಬುತ್ತಿತ್ತು. ೧೮೭೩ರ ಮಾದರಿಯ ನಲವತ್ತನಾಲ್ಕು-ನಲವತ್ತು ತೋಟಾದ ಹೆಸರಿನಲ್ಲಿರುವ ನಲವತ್ತು ಎಂಬುದು ಕರಿಮದ್ದಿನ ಗ್ರೇನು. ಅದರಲ್ಲಿ ಎರಡು ಸಲ ಸುರಿಯುವುದು ಸಾಧ್ಯವೇ ಇರಲಿಲ್ಲ, ತುಳುಕಿಬಿಡುತ್ತಿತ್ತು. ಹೊಗೆಯಿಲ್ಲದ ಮದ್ದಾದರೋ ಸ್ವಲ್ಪವೇ ಸಾಕು. ದೊಡ್ಡ ಕೋಶದಲ್ಲಿ ಮರೆತು ಎರಡು ಸಲ ಹಾಕಿದರೂ ಕಣ್ಣಿಗೆ ಬೀಳದಿರಬಹುದು. ತಾತನ ಕಾಲದ ಕೋವಿಗೆ ಕರಿಮದ್ದಿನ ಲೆಕ್ಕದಲ್ಲಿ ಹೊಸ ಮದ್ದನ್ನು ತುಂಬಿದರೆ ಕೋವಿಯೂ ಉಳಿಯದು, ಹಾರಿಸಿದವನ ಮುಖವೂ ಉಳಿಯದು. ಪ್ರತಿಯೊಂದು ಕೋಶವನ್ನೂ ಗುಂಡು ಕೂರಿಸುವ ಮುನ್ನ ದೀಪದ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಅದಕ್ಕಾಗಿಯೇ ಬಂತು.

ಚೂಪುಗುಂಡಿನ ಆಸೆಯನ್ನು ಕೆಲವರು ಬಿಡಲಾರರು. ನಳಿಗೆಯಲ್ಲೊಂದು, ಕೊಳವೆಯಲ್ಲೊಂದು, ಹೀಗೆ ಎರಡನ್ನೇ ತುಂಬಿದರೆ ಮೂಗಿನ ಮುಂದೆ ಕೇಪೇ ಇರುವುದಿಲ್ಲವೆಂದು ವಾದಿಸುವರು. ವಾದ ಸರಿ, ಆದರೆ ಅದು ದಣಿದವನ ಜ್ಞಾಪಕಶಕ್ತಿಯನ್ನು ನೆಚ್ಚಿಕೊಂಡ ವಾದ. ನಿಜವಾದ ಪರಿಹಾರಗಳು ಬೇರೆ. ಜಮೈಕದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ೧೮೯೯ರ ತನ್ನ ಸನ್ನೆಕೋಲಿನ ಕೋವಿಯಲ್ಲಿ ಕೊಳವೆಯನ್ನೇ ಕೈಬಿಟ್ಟು, ತೋಟಾಗಳು ಚಕ್ರದ ಸುತ್ತ ಒಂದರ ಪಕ್ಕಕ್ಕೊಂದು ಕೂರುವಂತೆ ಮಾಡಿದ. ಈ ಶತಮಾನದ ಮೊದಲ ದಶಕದಲ್ಲಿ ನೆಬ್ರಾಸ್ಕದ ಹಾರ್ನಡಿ ಸಂಸ್ಥೆ ರಬ್ಬರಿನಂತೆ ಬಾಗುವ ಮೆದುಮೊನೆಯ ಚೂಪುಗುಂಡನ್ನು ತಂದಿತು. ಅದು ಕೇಪಿಗೆ ತಾಗಿದರೂ ತಾನೇ ಕುಗ್ಗುತ್ತದೆ. ಬ್ರೌನಿಂಗನು ೧೮೯೫ರ ಮಾದರಿಯಲ್ಲಿ ತೋಟಾಗಳನ್ನು ಒಂದರ ಮೇಲೊಂದು ಇಡುವ ಪೆಟ್ಟಿಗೆಯನ್ನು ಅಳವಡಿಸಿದ್ದ. ಅಧ್ಯಕ್ಷಪದವಿ ಮುಗಿದ ಮೇಲೆ ೧೯೦೯ರಲ್ಲಿ ಥಿಯೊಡೋರ್ ರೂಸ್ವೆಲ್ಟ್ ಆಫ್ರಿಕಕ್ಕೆ ಒಯ್ದುದು ಈ ಮಾದರಿಯನ್ನು. ತೋಟಾ ನಾನ್ನೂರೈದು ಎಂಬುದು, ಗುಂಡು ೩೦೦ ಗ್ರೇನು, ಒಂದೂ ಮುಕ್ಕಾಲು ರೂಪಾಯಿಯ ತೂಕಕ್ಕೆ ತುಸು ಕಡಿಮೆ.

ಈ ನಾನ್ನೂರೈದು ಕೋವಿ ನಮ್ಮ ನಾಡಿಗೂ ಪರಿಚಿತವೇ. ಬೆಂಗಳೂರಿನ ಕೆನ್ನೆತ್ ಆಂಡರ್ಸನ್ (೧೯೧೦–೧೯೭೪) ನರಭಕ್ಷಕಗಳ ಬೆನ್ನುಹತ್ತಿ ನಮ್ಮ ಕಾಡುಗಳಲ್ಲಿ ಅಲೆದಾಗ ಅವರ ಹೆಗಲಲ್ಲಿದ್ದುದು ಅದೇ. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಅವರ ಕಥೆಗಳನ್ನು ಓದಿದವರಿಗೆ ಈ ಸಂಖ್ಯೆ ನೆನಪಿದ್ದೀತು. ಆ ಕೋವಿಗೆ ಪೆಟ್ಟಿಗೆಯಿದ್ದುದರಿಂದ ಚೂಪುಗುಂಡಿಗೆ ಅಡ್ಡಿಯಿರಲಿಲ್ಲ. ಆದರೂ ಅದರ ತೋಟಾಕ್ಕೆ ಮೊಂಡುಗುಂಡೇ ವಾಡಿಕೆಯಾಯಿತು. ಹತ್ತಿಪ್ಪತ್ತು ಗಜದಲ್ಲಿ ಹುಲಿ ಎದುರಾಗುವ ಕಾಡಿನಲ್ಲಿ ಗಾಳಿಯನ್ನು ಸೀಳುವ ಮೊನೆಗೆ ಕೆಲಸವಿಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಇಂಥ ಬೇಟೆಗೆ ಅವಕಾಶವಿಲ್ಲ. ಕೋವಿಯನ್ನು ಇಟ್ಟುಕೊಳ್ಳುವುದಕ್ಕೂ ತೋಟಾವನ್ನು ತಯಾರಿಸುವುದಕ್ಕೂ ೧೯೫೯ರ ಆಯುಧ ಕಾಯಿದೆಯಂತೆ ಬೇರೆ ಬೇರೆ ಪರವಾನಗಿ ಬೇಕು.